5.4 ಗ್ರಾಂ ಅಲ್ಯೂಮಿನಿಯಂ, 14.2 ಗ್ರಾಂ ಕ್ಲೋರಿನ್: ನನಗೆ 26.7 ಬರುತ್ತಿದೆ, ಉತ್ತರ 17.8 ಅಂತೆ

ಪಿಯು_ಪರದಾಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ಫಸ್ಟ್ ಪಿಯುಸಿ, ಪಿಸಿಎಂಬಿ. ಎಸ್ಸೆಸ್ಸೆಲ್ಸಿವರೆಗೆ ಕನ್ನಡ ಮೀಡಿಯಂನಲ್ಲಿ ಓದಿದ್ದು. ಹತ್ತನೇ ಕ್ಲಾಸಿನಲ್ಲಿ ಸಮೀಕರಣ ಸರಿದೂಗಿಸುವುದು ಅಂದರೆ ನನಗೆ ಆಟ ಇದ್ದ ಹಾಗೆ, ಪಕ್ಕದವರಿಗೂ ಮಾಡಿಕೊಡುತ್ತಿದ್ದೆ. ಈಗ ಮೊದಲನೇ ಪಾಠದಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ಮೋಲ್ (ಕಣಗಳನ್ನು ಎಣಿಸುವ ಅಳತೆ), ಲಿಮಿಟಿಂಗ್ ರಿಯೇಜೆಂಟ್ (ಮೊದಲು ಖಾಲಿಯಾಗುವ ವಸ್ತು), ಯೀಲ್ಡ್ (ಕೊನೆಗೆ ಕೈಗೆ ಸಿಗುವ ಪ್ರಮಾಣ) ಎಲ್ಲ ಸೇರಿ ಎರಡೇ ಪೀರಿಯಡ್‌ನಲ್ಲಿ ಮುಗಿದುಹೋಯಿತು, ಕೇಳೋಣ ಅಂತ ಎದ್ದು ನಿಲ್ಲುವಷ್ಟರಲ್ಲಿ ಬೋರ್ಡ್ ಒರೆಸಿ ಆಗಿತ್ತು.

ಲೆಕ್ಕ ಇದು. 5.4 ಗ್ರಾಂ ಅಲ್ಯೂಮಿನಿಯಂ ಮತ್ತು 14.2 ಗ್ರಾಂ ಕ್ಲೋರಿನ್ ಅನಿಲ ಸೇರಿ ಅಲ್ಯೂಮಿನಿಯಂ ಕ್ಲೋರೈಡ್ ಆಗುತ್ತದೆ. ಎಷ್ಟು ಗ್ರಾಂ ಸಿಗುತ್ತದೆ? ಯಾವುದು ಎಷ್ಟು ಉಳಿಯುತ್ತದೆ? ಫೋನಿನಲ್ಲಿ ಸೂತ್ರ ಬರೆದರೆ ಮೇಲಿನ ಕೆಳಗಿನ ಸಂಖ್ಯೆಗಳೆಲ್ಲ ಕಲಸಿಹೋಗುತ್ತವೆ, ಅದಕ್ಕೆ ಹೆಸರಲ್ಲೇ ಬರೆಯುತ್ತಿದ್ದೇನೆ:

2 ಅಲ್ಯೂಮಿನಿಯಂ + 3 ಕ್ಲೋರಿನ್ → 2 ಅಲ್ಯೂಮಿನಿಯಂ ಕ್ಲೋರೈಡ್

ಒಂದು ಮೋಲ್ ಅಲ್ಯೂಮಿನಿಯಂ 27 ಗ್ರಾಂ, ಕ್ಲೋರಿನ್ ಅನಿಲ 71, ಅಲ್ಯೂಮಿನಿಯಂ ಕ್ಲೋರೈಡ್ 133.5. ಇಲ್ಲಿವರೆಗೆ ಸರಿ ಇದೆ ಅಂದುಕೊಂಡಿದ್ದೇನೆ.

ನಾನು ಮಾಡಿದ್ದು ಹೀಗೆ. 5.4 ಮತ್ತು 14.2ರಲ್ಲಿ 5.4 ಕಡಿಮೆ, ಹಾಗಾಗಿ ಅಲ್ಯೂಮಿನಿಯಂ ಮೊದಲು ಖಾಲಿ. 5.4 ಭಾಗಿಸು 27 ಅಂದರೆ 0.2 ಮೋಲ್. ಸಮೀಕರಣದಲ್ಲಿ 2ಕ್ಕೆ 2, ಆದ್ದರಿಂದ 0.2 ಮೋಲ್ ಕ್ಲೋರೈಡ್. 0.2 ಗುಣಿಸು 133.5 ಅಂದರೆ 26.7 ಗ್ರಾಂ. ಪುಸ್ತಕದ ಹಿಂದೆ 17.8 ಅಂತ ಇದೆ. ಗೆಳತಿ ಹೇಳಿದಳು, ಗ್ರಾಂ ನೋಡಬಾರದು ಕಣೇ, ಮೋಲ್ ನೋಡಬೇಕು ಅಂತ. ಅದನ್ನೂ ನೋಡಿದೆ. 14.2 ಭಾಗಿಸು 71, ಅದೂ 0.2! ಎರಡೂ ಸಮ ಇದ್ದರೆ ಖಾಲಿಯಾಗುವುದು ಯಾವುದು?

ಇನ್ನೊಂದೂ ಹೋಗಿದೆ. 80 ಪರ್ಸೆಂಟ್ ಶುದ್ಧ ಇರುವ ಸುಣ್ಣದ ಕಲ್ಲು 250 ಗ್ರಾಂ ಕಾಯಿಸಿದರೆ ಎಷ್ಟು ಕಾರ್ಬನ್ ಡೈಆಕ್ಸೈಡ್ ಬರುತ್ತದೆ? ನನಗೆ 110, ಪುಸ್ತಕದಲ್ಲಿ 88. ಇದಂತೂ ಎಲ್ಲಿ ತಪ್ಪಿದೆ ಅಂತ ಗೊತ್ತೇ ಆಗುತ್ತಿಲ್ಲ.

ಸೈಕಲ್_ಬೆಲ್:

ಮೋಲ್ ಯಾವುದು ಕಡಿಮೆಯೋ ಅದೇ ಲಿಮಿಟಿಂಗ್, ಸಿಂಪಲ್. ಎರಡೂ 0.2 ಅಂದರೆ ಎರಡೂ ಪೂರ್ತಿ ಮುಗಿಯುತ್ತವೆ, ಏನೂ ಉಳಿಯುವುದಿಲ್ಲ. ನಿಮ್ಮ 26.7 ಸರಿ ಇದೆ, ಪುಸ್ತಕದ ಉತ್ತರವೇ ತಪ್ಪಿರಬೇಕು. ನಮ್ಮ ಕಾಲದ ಗೈಡಿನಲ್ಲೂ ಇಂಥವು ಬೇಕಾದಷ್ಟು ಇದ್ದವು.

ಸೀಮೆಸುಣ್ಣ:

ಬೆಲ್ ಅವರೇ, ಸ್ವಲ್ಪ ನಿಲ್ಲಿ. ಪುಸ್ತಕ ಸರಿ ಇದೆ.

ಮಗೂ, ನಾನು ರಿಟೈರಾದ ಕೆಮಿಸ್ಟ್ರಿ ಮೇಷ್ಟ್ರು. ನಿನ್ನ ಲೆಕ್ಕ ಬಿಡಿಸುವ ಮೊದಲು ಒಂದು ಮಾತು. ಪಾತ್ರೆಗೆ ನೀನು ಹಾಕಿದ್ದು ಎಷ್ಟು? 5.4 ಮತ್ತು 14.2, ಒಟ್ಟು 19.6 ಗ್ರಾಂ. ಹೊರಗೆ ತೆಗೆದದ್ದು 26.7. ಜಾಸ್ತಿ ಬಂದ 7.1 ಗ್ರಾಂ ಎಲ್ಲಿಂದ ಬಂತು? ಹತ್ತನೇ ಕ್ಲಾಸಿನಲ್ಲಿ ರಾಶಿ ಸಂರಕ್ಷಣಾ ನಿಯಮ ಬಾಯಿಪಾಠ ಮಾಡಿ ಎರಡು ಮಾರ್ಕ್ಸ್ ತೆಗೆದುಕೊಂಡಿರುತ್ತೀಯ. ಅದು ಪರೀಕ್ಷೆಗೆ ಬರೆದು ಮರೆಯುವ ನಿಯಮ ಅಲ್ಲ, ನಿನ್ನ ಉತ್ತರಕ್ಕೆ ಹಿಡಿಯುವ ತಕ್ಕಡಿ. ಪುಸ್ತಕದ ಹಿಂದಿನ ಪುಟ ತಿರುಗಿಸುವ ಮೊದಲೇ ಅದು ನಿನ್ನ ತಪ್ಪು ಹೇಳಿಬಿಡುತ್ತದೆ.

ಇನ್ನು 0.2ಕ್ಕೆ 0.2 ವಿಷಯ. ಮನೆಯಲ್ಲಿ ಮದುವೆ ಇದೆ ಅಂದುಕೋ, ತಾಂಬೂಲ ಕಟ್ಟುವ ಕೆಲಸ ನಿನ್ನದು. ಒಂದೊಂದಕ್ಕೂ 2 ವೀಳ್ಯದೆಲೆ, 1 ಅಡಿಕೆ. ತಟ್ಟೆಯಲ್ಲಿ 20 ಎಲೆ, 20 ಅಡಿಕೆ ಇಟ್ಟಿದ್ದಾರೆ. ಎಷ್ಟು ತಾಂಬೂಲ ಆಗುತ್ತದೆ? 10. ಎಲೆ ಖಾಲಿ, 10 ಅಡಿಕೆ ಹಾಗೇ ಉಳಿಯಿತು. ಎರಡೂ ಇಪ್ಪತ್ತಿಪ್ಪತ್ತು ಇದ್ದವಲ್ಲ ಅಂತ ಯಾರೂ ಕೇಳುವುದಿಲ್ಲ, ಯಾಕೆಂದರೆ ಒಂದು ತಾಂಬೂಲಕ್ಕೆ ಯಾವುದು ಎಷ್ಟು ಬೇಕು ಅಂತ ಕೈಗೇ ಗೊತ್ತು. ತಟ್ಟೆಯನ್ನು ತಕ್ಕಡಿಗೆ ಹಾಕಿದರೆ ಅಡಿಕೆಯದೇ ತೂಕ ಜಾಸ್ತಿ ಬರಬಹುದು, ಆದರೆ ಎಷ್ಟು ತಾಂಬೂಲ ಆಗುತ್ತದೆ ಅನ್ನುವುದಕ್ಕೂ ಆ ತೂಕಕ್ಕೂ ಸಂಬಂಧ ಇಲ್ಲ.

ಸಮೀಕರಣದ ಮುಂದಿರುವ 2, 3, 2 ಅಂದರೆ ಅದೇ. ಅವು ಗ್ರಾಂ ಅಲ್ಲ, ಎಣಿಕೆ. ಎರಡು ಅಲ್ಯೂಮಿನಿಯಂ ಪರಮಾಣುಗಳಿಗೆ ಮೂರು ಕ್ಲೋರಿನ್ ಅಣುಗಳು ಬೇಕು, ಅಷ್ಟೇ ಅದು ಹೇಳುವುದು. ಆದರೆ ಪರಮಾಣುಗಳನ್ನು ಎಣಿಸಲು ಯಾರಿಂದಲೂ ಆಗುವುದಿಲ್ಲವಲ್ಲ, ತಕ್ಕಡಿಯಲ್ಲಿ ತೂಗಬಹುದು ಅಷ್ಟೇ, ಅದಕ್ಕೆ ತೂಕದಿಂದ ಎಣಿಕೆಗೆ ಹೋಗಲು ಒಂದು ದಾರಿ ಬೇಕು, ಆ ದಾರಿಯ ಹೆಸರೇ ಮೋಲ್. ಡಜನ್ ಇದ್ದ ಹಾಗೆ. ಒಂದು ಡಜನ್ ಏಲಕ್ಕಿ ಬಾಳೆಹಣ್ಣು, ಒಂದು ಡಜನ್ ಪಚ್ಚಬಾಳೆ, ಎಣಿಸಿದರೆ ಎರಡೂ ಹನ್ನೆರಡು, ಚೀಲ ಎತ್ತಿದರೆ ಬೇರೆ ಬೇರೆ. ಮೋಲ್ ಅನ್ನುವ ಡಜನ್‌ನಲ್ಲಿ ಹನ್ನೆರಡರ ಬದಲು 6.022 ಗುಣಿಸು 10ರ ಘಾತ 23 ಕಣಗಳಿರುತ್ತವೆ. ನಾನು ಪಾಠ ಮಾಡುವಾಗ ಇದನ್ನು '12 ಗ್ರಾಂ ಕಾರ್ಬನ್-12ರಲ್ಲಿ ಎಷ್ಟು ಪರಮಾಣು ಇವೆಯೋ ಅಷ್ಟು' ಅಂತ ಸುತ್ತಿ ಬಳಸಿ ಹೇಳಬೇಕಾಗಿತ್ತು. 2019ರ ಮೇ 20ರಿಂದ ಆ ಸುತ್ತು ಹೋಯಿತು. 6.02214076 ಅಂತ ಸಂಖ್ಯೆಯನ್ನೇ ಗೊತ್ತುಮಾಡಿಬಿಟ್ಟರು. ಮಕ್ಕಳಿಗೆ ಇದು ಸುಲಭ ಅಂತ ನನ್ನ ಅಭಿಪ್ರಾಯ, ಡಜನ್ ಅಂದರೆ ಹನ್ನೆರಡು ಅನ್ನುವಷ್ಟೇ ನೇರ.

ಈಗ ನಿನ್ನ ಲೆಕ್ಕ. ಅಲ್ಯೂಮಿನಿಯಂ 0.2 ಮೋಲ್ ಇದೆ. 2ಕ್ಕೆ 3 ಅಂದರೆ 0.2ಕ್ಕೆ 0.3. ಅಷ್ಟು ಕ್ಲೋರಿನ್ ಬೇಕಿತ್ತು, ಇರುವುದು 0.2. ಹಾಗಾಗಿ ಖಾಲಿಯಾಗುವುದು ಕ್ಲೋರಿನ್. ಇನ್ನು ಮುಂದಿನ ಲೆಕ್ಕವೆಲ್ಲ ಕ್ಲೋರಿನ್ ಹಿಡಿದು ಮಾಡಬೇಕು, ಅಲ್ಯೂಮಿನಿಯಂ ಕಡೆ ತಿರುಗಿಯೂ ನೋಡಬೇಡ. 3 ಮೋಲ್ ಕ್ಲೋರಿನ್‌ಗೆ 2 ಮೋಲ್ ಕ್ಲೋರೈಡ್, 0.2 ಮೋಲಿಗೆ 0.1333. ಅದನ್ನು 133.5ರಿಂದ ಗುಣಿಸಿದರೆ 17.8 ಗ್ರಾಂ. ಅಲ್ಯೂಮಿನಿಯಂ ಕೂಡ 0.1333 ಮೋಲ್ ಖರ್ಚಾಗಿದೆ, ಉಳಿದದ್ದು 0.0667 ಮೋಲ್, ಅಂದರೆ 1.8 ಗ್ರಾಂ. ಈಗ ಕೂಡಿಸು. 17.8 ಮತ್ತು 1.8, ಒಟ್ಟು 19.6. ಹಾಕಿದ್ದೂ 19.6.

ಅಡಿಕೆ ಬೆಟ್ಟದಷ್ಟಿದ್ದರೂ ಎಲೆ ಮುಗಿದ ಮೇಲೆ ತಾಂಬೂಲ ಇಲ್ಲ ಮಗೂ.

ಸೈಕಲ್_ಬೆಲ್:

ಅಯ್ಯೋ, ಹೌದಲ್ವಾ. ಕ್ಷಮಿಸಿ. ಇಷ್ಟು ವರ್ಷ ನಾನು ಹಾಗೇ ಅಂದುಕೊಂಡಿದ್ದೆ. ಮೋಲ್ ಕಡಿಮೆ ಇರುವುದೇ ಲಿಮಿಟಿಂಗ್ ಅನ್ನುವುದು 1ಕ್ಕೆ 1 ಇರುವ ಕ್ರಿಯೆಗೆ ಮಾತ್ರ ನಡೆಯುತ್ತದೆ ಅಂತಾಯಿತು. ನಾನು ಪಾಸಾಗಿದ್ದೇ ಆಶ್ಚರ್ಯ.

ಕಡಲಕರೆ:

ಸುಣ್ಣದ ಕಲ್ಲಿನ ಲೆಕ್ಕ ನಾನು ಹೇಳುತ್ತೇನೆ, ಇದು ನಮ್ಮ ಊರಿನ ಲೆಕ್ಕ. ಕುಂದಾಪುರದ ಕಡೆಯವನು ನಾನು. ನಮ್ಮಲ್ಲಿ ಕಲ್ಲಿನ ಬದಲು ಚಿಪ್ಪು ಸುಟ್ಟು ಸುಣ್ಣ ಮಾಡುತ್ತಿದ್ದರು. ಕಲ್ಲಾದರೂ ಚಿಪ್ಪಾದರೂ ಒಳಗಿರುವುದು ಕ್ಯಾಲ್ಸಿಯಂ ಕಾರ್ಬೊನೇಟ್. ಚಿಕ್ಕವನಿದ್ದಾಗ ಗೂಡಿಗೆ ಹಾಕುವ ಮೊದಲು ಬುಟ್ಟಿ ಎತ್ತಲು ಆಗುತ್ತಿರಲಿಲ್ಲ, ಸುಟ್ಟ ಮೇಲೆ ಅದೇ ಬುಟ್ಟಿ ಎಷ್ಟು ಹಗುರ ಅಂತ ಆಶ್ಚರ್ಯ ಪಡುತ್ತಿದ್ದೆ. ಪಿಯುಸಿಗೆ ಬಂದಾಗ ಗೊತ್ತಾಯಿತು, 100 ಗ್ರಾಂ ಸುಟ್ಟರೆ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ಆಗಿ ಗಾಳಿಗೆ ಹೋಗುತ್ತದೆ, ಕೈಗೆ ಸಿಗುವುದು 56.

ತಂಗೀ, ನೀನು 250ನ್ನೂ ಕಾರ್ಬೊನೇಟ್ ಅಂತ ಹಿಡಿದಿದ್ದೀಯ. 250ಕ್ಕೆ 44 ಪರ್ಸೆಂಟ್ ಅಂದರೆ 110, ನಿನ್ನ ಉತ್ತರ. ಆದರೆ 80 ಪರ್ಸೆಂಟ್ ಶುದ್ಧ ಅಂದಿದ್ದಾರೆ. 250ರಲ್ಲಿ ಕಾರ್ಬೊನೇಟ್ ಇರುವುದು 200 ಗ್ರಾಂ, ಮಿಕ್ಕ 50 ಮಣ್ಣು ಮರಳು, ಅದನ್ನು ಎಷ್ಟು ಸುಟ್ಟರೂ ಕಾರ್ಬನ್ ಡೈಆಕ್ಸೈಡ್ ಬರುವುದಿಲ್ಲ. ಕಾರ್ಬೊನೇಟ್ ಒಂದು ಮೋಲ್ 100 ಗ್ರಾಂ, ಹಾಗಾಗಿ 200 ಗ್ರಾಂ ಅಂದರೆ 2 ಮೋಲ್. 2 ಮೋಲ್ ಕಾರ್ಬನ್ ಡೈಆಕ್ಸೈಡ್, ಅಂದರೆ 88 ಗ್ರಾಂ. ಮೇಷ್ಟ್ರ ತಕ್ಕಡಿಗೂ ಹಾಕಿ ನೋಡೋಣ. ಸುಟ್ಟ ಸುಣ್ಣ 112, ಮಣ್ಣು 50, ಗಾಳಿಗೆ ಹೋದದ್ದು 88. ಒಟ್ಟು 250. ಸರಿ ಹೋಯಿತು.

ಈ ಸುಣ್ಣದ ಲೆಕ್ಕ ಇನ್ನೂ ಮುಂದಕ್ಕೆ ಹೋಗುತ್ತದೆ, ನನಗೆ ಬಹಳ ಇಷ್ಟ ಇದು. 56 ಗ್ರಾಂ ಸುಟ್ಟ ಸುಣ್ಣಕ್ಕೆ ನೀರು ಹಾಕಿದರೆ ಕೊತಕೊತ ಕುದಿಯುತ್ತದಲ್ಲ, ಆಗ 18 ಗ್ರಾಂ ನೀರನ್ನು ಹಿಡಿದುಕೊಂಡು 74 ಗ್ರಾಂ ಅರಳಿದ ಸುಣ್ಣ ಆಗುತ್ತದೆ. ಮೇಷ್ಟ್ರು ಹೇಳಿದ ತಾಂಬೂಲದ ಎಲೆಗೆ ಹಚ್ಚುವುದು ಇದನ್ನೇ. ಗೋಡೆಗೆ ಬಳಿದರೆ ಎರಡು ಮೂರು ದಿನದಲ್ಲಿ ಗಾಳಿಯಿಂದ 44 ಗ್ರಾಂ ಕಾರ್ಬನ್ ಡೈಆಕ್ಸೈಡ್ ವಾಪಸ್ ತೆಗೆದುಕೊಂಡು 18 ಗ್ರಾಂ ನೀರು ಬಿಟ್ಟುಬಿಡುತ್ತದೆ. 74 ಕೂಡಿಸು 44 ಕಳೆ 18, ಮತ್ತೆ 100. ಗೂಡಿನಲ್ಲಿ ಕಳೆದುಕೊಂಡದ್ದನ್ನು ಗೋಡೆಯ ಮೇಲೆ ವಸೂಲಿ ಮಾಡಿಕೊಂಡಿತು ನೋಡು.

ನೀರು ಹಾಕುವಾಗ ದೂರ ನಿಲ್ಲಬೇಕು, ಕಣ್ಣಿಗೆ ಹಾರಿದರೆ ಬಹಳ ಕೆಟ್ಟದ್ದು. ಇದು ಲೆಕ್ಕಕ್ಕೆ ಬೇಡದ ಮಾತು, ಆದರೂ ಹೇಳಿದೆ.

ಅರವತ್ತಕ್ಕೆ_ಎಂಬತ್ತು:

ಮೇಷ್ಟ್ರು ಹೇಳಿದ್ದು ಸರಿ, ಆದರೆ ಸಿಇಟಿಯಲ್ಲಿ 80 ನಿಮಿಷಕ್ಕೆ 60 ಪ್ರಶ್ನೆ, ಅಲ್ಲಿ ತಾಂಬೂಲ ಕಟ್ಟುತ್ತಾ ಕೂರಲು ಆಗುವುದಿಲ್ಲ. ಒಂದು ಶಾರ್ಟ್‌ಕಟ್ ಇದೆ. ಪ್ರತಿಯೊಂದರ ಮೋಲನ್ನು ಸಮೀಕರಣದಲ್ಲಿ ಅದರ ಮುಂದಿರುವ ಸಂಖ್ಯೆಯಿಂದ ಭಾಗಿಸು. ಯಾವುದು ಚಿಕ್ಕದು ಬರುತ್ತದೋ ಅದೇ ಲಿಮಿಟಿಂಗ್. ಅಲ್ಯೂಮಿನಿಯಂ 0.2 ಭಾಗಿಸು 2 ಅಂದರೆ 0.1. ಕ್ಲೋರಿನ್ 0.2 ಭಾಗಿಸು 3 ಅಂದರೆ 0.0667. ಮುಗಿಯಿತು, ಕ್ಲೋರಿನ್. ಆ 0.0667ನ್ನೇ ಉತ್ಪನ್ನದ ಮುಂದಿನ 2ರಿಂದ ಗುಣಿಸಿದರೆ 0.1333, ಮೇಷ್ಟ್ರಿಗೆ ಬಂದ ಉತ್ತರವೇ. ಹತ್ತು ಸೆಕೆಂಡ್.

ಸೀಮೆಸುಣ್ಣ:

ಶಾರ್ಟ್‌ಕಟ್ ಸರಿಯಾಗಿಯೇ ಇದೆ, ನನ್ನ ತಕರಾರು ಇಲ್ಲ. ಆದರೆ ಯಾಕೆ ಭಾಗಿಸುತ್ತೇವೆ ಅಂತ ಅವಳಿಗೆ ಗೊತ್ತಿರಲಿ. 20 ಎಲೆಯನ್ನು 2ರಿಂದ ಭಾಗಿಸಿದರೆ 10, 20 ಅಡಿಕೆಯನ್ನು 1ರಿಂದ ಭಾಗಿಸಿದರೆ 20. ಎಲೆಯಿಂದ ಎಷ್ಟು ತಾಂಬೂಲ ಆಗಬಹುದು, ಅಡಿಕೆಯಿಂದ ಎಷ್ಟು ಆಗಬಹುದು ಅಂತ ಕೇಳಿದ್ದು ಅಷ್ಟೇ. ನೀವೂ ತಾಂಬೂಲವನ್ನೇ ಕಟ್ಟುತ್ತಿದ್ದೀರಿ ಸ್ವಾಮಿ, ಬೇಗ ಬೇಗ ಕಟ್ಟುತ್ತಿದ್ದೀರಿ.

ನಾನು ಯಾಕೆ ಇಷ್ಟು ಹೇಳುತ್ತೇನೆ ಅಂದರೆ, ಶಾರ್ಟ್‌ಕಟ್ ಮಾತ್ರ ಕಲಿತ ಮಕ್ಕಳು ಒಂದು ಕಡೆ ತಪ್ಪದೆ ಬೀಳುತ್ತಾರೆ. ಮೋಲ್ ಬದಲು ಗ್ರಾಮನ್ನೇ ಭಾಗಿಸಿಬಿಡುತ್ತಾರೆ. 5.4 ಭಾಗಿಸು 2, 14.2 ಭಾಗಿಸು 3. ಪೇಪರ್ ತಿದ್ದುವಾಗ ಇದನ್ನು ಎಷ್ಟು ಸಲ ನೋಡಿದ್ದೇನೋ ಲೆಕ್ಕವಿಲ್ಲ.

ಪಿಯು_ಪರದಾಟ:

ಸರ್, ಅಣ್ಣ, ಎಲ್ಲರಿಗೂ ಥ್ಯಾಂಕ್ಸ್. ತಾಂಬೂಲ ಓದಿದ ಮೇಲೆ ನಗು ಬಂತು, ಹೋದ ತಿಂಗಳಷ್ಟೇ ಚಿಕ್ಕಮ್ಮನ ಮದುವೆಯಲ್ಲಿ ರಾತ್ರಿಯೆಲ್ಲ ಕಟ್ಟಿದ್ದೆ. ಅಲ್ಲಿ ತೆಂಗಿನಕಾಯಿ ಲಿಮಿಟಿಂಗ್ ಆಗಿತ್ತು. ಬೆಳಗ್ಗೆ ಐದಕ್ಕೆ ಮಾವನನ್ನು ಎಬ್ಬಿಸಿ ತರಿಸಿದ್ದು.

ಇನ್ನೂ ಎರಡು ಡೌಟ್. ಒಂದು, ಸುಣ್ಣದ ಲೆಕ್ಕದಲ್ಲೇ ಆ ಅನಿಲ ಎಷ್ಟು ಲೀಟರ್ ಅಂತ ಕೇಳಿದ್ದಾರೆ. ಅಕ್ಕನ ಹಳೇ ನೋಟ್ಸಿನಲ್ಲಿ 22.4 ಅಂತಿದೆ, ನನ್ನ ಪುಸ್ತಕದಲ್ಲಿ 22.7. ಯಾವುದು ಸರಿ? ಎರಡು, ಅಲ್ಯೂಮಿನಿಯಂ ಲೆಕ್ಕದ ಕೊನೆಯಲ್ಲಿ 'ನಿಜವಾಗಿ ಸಿಕ್ಕಿದ್ದು 16.02 ಗ್ರಾಂ ಆದರೆ ಪರ್ಸೆಂಟ್ ಯೀಲ್ಡ್ ಎಷ್ಟು' ಅಂತ ಇದೆ. 17.8 ಬರಬೇಕು ಅಂತ ನಾವೇ ಲೆಕ್ಕ ಹಾಕಿದ ಮೇಲೆ 16.02 ಯಾಕೆ ಸಿಗುತ್ತದೆ? ಆಗಲೇ ನೀವು ಹಾಕಿದ್ದಷ್ಟೇ ಬರಬೇಕು ಅಂದಿರಲ್ಲ ಸರ್?

ಅರವತ್ತಕ್ಕೆ_ಎಂಬತ್ತು:

22.4 ಮತ್ತು 22.7 ಎರಡೂ ಸರಿ, ಒತ್ತಡ ಬೇರೆ. ಎರಡೂ ಸೊನ್ನೆ ಡಿಗ್ರಿ ಸೆಲ್ಸಿಯಸ್‌ನಲ್ಲಿ. ಒತ್ತಡ 1 ಅಟ್ಮಾಸ್ಫಿಯರ್ ಆದರೆ ಒಂದು ಮೋಲ್ ಅನಿಲ 22.4 ಲೀಟರ್, 1 ಬಾರ್ ಆದರೆ 22.7. ಬಾರ್ ಸ್ವಲ್ಪ ಕಡಿಮೆ ಒತ್ತಡ, ಅದಕ್ಕೆ ಅನಿಲ ಸ್ವಲ್ಪ ಹಿಗ್ಗಿ ಕೂರುತ್ತದೆ. ಮೊದಲು ಅಟ್ಮಾಸ್ಫಿಯರ್ ಲೆಕ್ಕ ಇತ್ತು, ಆಮೇಲೆ ಸ್ಟ್ಯಾಂಡರ್ಡ್ ಒತ್ತಡವನ್ನು ಬಾರ್‌ಗೆ ಬದಲಾಯಿಸಿದರು, ಹಳೇ ನೋಟ್ಸು ಹಳೇದನ್ನೇ ಹಿಡಿದುಕೊಂಡಿವೆ. ನಿನ್ನ 2 ಮೋಲಿಗೆ ಹಳೇ ಲೆಕ್ಕದಲ್ಲಿ 44.8 ಲೀಟರ್, ಹೊಸದರಲ್ಲಿ 45.4. ಪ್ರಶ್ನೆಯಲ್ಲಿ ಒತ್ತಡ ಏನು ಕೊಟ್ಟಿದ್ದಾರೆ ನೋಡು, ಕೊಡದಿದ್ದರೆ ಆಯ್ಕೆಗಳಲ್ಲಿ ಯಾವುದು ಇದೆ ಅಂತ ನೋಡು. ಮತ್ತೆ ಇದು ಅನಿಲಕ್ಕೆ ಮಾತ್ರ. ನೀರಿಗೋ ಸುಣ್ಣಕ್ಕೋ 22.4 ಹಾಕಬೇಡ. ನಾನು ಹಾಕಿದ್ದೇನೆ. 18 ಗ್ರಾಂ ನೀರು ಬರೀ 18 ಮಿಲಿಲೀಟರ್, ಎರಡು ಗುಟುಕು, ಅದಕ್ಕೆ ನಾನು ಒಂದು ಬಕೆಟ್‌ನಷ್ಟು ಬರೆದಿದ್ದೆ.

ಲ್ಯಾಬ್_ಕೋಟು:

ಯೀಲ್ಡ್ ಬಗ್ಗೆ ನಾನು ಹೇಳುತ್ತೇನೆ ಪುಟ್ಟಿ, ಎಂಎಸ್ಸಿ ಮಾಡಿದ್ದೇನೆ, ಈ ವಿಷಯದಲ್ಲಿ ಬೇಕಾದಷ್ಟು ಮರ್ಯಾದೆ ಕಳೆದುಕೊಂಡಿದ್ದೇನೆ. ಮೇಷ್ಟ್ರು ಹೇಳಿದ್ದು ತಪ್ಪಲ್ಲ. ಹಾಕಿದ್ದೆಲ್ಲ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಆದರೆ ನಿನ್ನ ಬಾಟಲಿಯಲ್ಲೇ ಇರುತ್ತದೆ ಅಂತ ಯಾರೂ ಮಾತು ಕೊಟ್ಟಿಲ್ಲ. 17.8 ಲೆಕ್ಕದ ಮಾತು, 16.02 ಕೈಗೆ ಸಿಕ್ಕ ಮಾತು. 16.02 ಭಾಗಿಸು 17.8, 90 ಪರ್ಸೆಂಟ್.

ಬಿಎಸ್ಸಿಯಲ್ಲಿ ಆಸ್ಪಿರಿನ್ ಮಾಡಿಸುತ್ತಿದ್ದರು. ಸ್ಯಾಲಿಸಿಲಿಕ್ ಆಸಿಡ್‌ಗೆ ಅಸಿಟಿಕ್ ಅನ್‌ಹೈಡ್ರೈಡ್ ಹಾಕಿ ಬಿಸಿ ಮಾಡುವುದು. 138 ಗ್ರಾಂ ಸ್ಯಾಲಿಸಿಲಿಕ್ ಆಸಿಡ್‌ಗೆ 180 ಗ್ರಾಂ ಆಸ್ಪಿರಿನ್ ಬರಬೇಕು. ನಾನು ತೆಗೆದುಕೊಂಡಿದ್ದು 2.76 ಗ್ರಾಂ, ಅಂದರೆ 0.02 ಮೋಲ್. ಅನ್‌ಹೈಡ್ರೈಡನ್ನು ಬೇಕಂತಲೇ ಜಾಸ್ತಿ ಹಾಕುತ್ತಾರೆ, ಸ್ಯಾಲಿಸಿಲಿಕ್ ಆಸಿಡ್ ಪೂರ್ತಿ ಖರ್ಚಾಗಲಿ ಅಂತ. ಹಾಗಾಗಿ ಆಸಿಡ್ ಲಿಮಿಟಿಂಗ್, ಲೆಕ್ಕದ ಪ್ರಕಾರ 3.6 ಗ್ರಾಂ. ನನ್ನ ಪಕ್ಕದ ಬೆಂಚಿನವಳಿಗೆ 2.7 ಬಂತು, 75 ಪರ್ಸೆಂಟ್. ಸ್ವಲ್ಪ ಕ್ರಿಯೆಯೇ ಆಗಿರುವುದಿಲ್ಲ, ಸ್ವಲ್ಪ ತೊಳೆದ ನೀರಲ್ಲಿ ಕರಗಿ ಹೋಗುತ್ತದೆ, ಸ್ವಲ್ಪ ಫಿಲ್ಟರ್ ಪೇಪರಿಗೆ ಅಂಟಿಕೊಳ್ಳುತ್ತದೆ, ಸ್ವಲ್ಪ ಕೆರೆಯುವಾಗ ನೆಲಕ್ಕೆ. ಅವಳು ಮುಖ ಸಪ್ಪೆ ಮಾಡಿಕೊಂಡಿದ್ದಳು. ನನಗೆ 3.96 ಗ್ರಾಂ ಬಂತು! 110 ಪರ್ಸೆಂಟ್! ಕುಣಿದುಕೊಂಡು ಹೋಗಿ ರೆಕಾರ್ಡ್ ತೋರಿಸಿದೆ. ಮೇಡಂ ಪುಡಿಯನ್ನು ಬೆರಳಲ್ಲಿ ಒತ್ತಿ ನೋಡಿ, 'ಇದರಲ್ಲಿ ಆಸ್ಪಿರಿನ್ ಎಷ್ಟು, ನೀರೆಷ್ಟು' ಅಂತ ಕೇಳಿದರು. ಒಣಗಿಸಿಯೇ ಇರಲಿಲ್ಲ ನಾನು. ಮಾರನೇ ದಿನ ಒಣಗಿದ ಮೇಲೆ ತೂಗಿದರೆ ಪಕ್ಕದವಳಿಗಿಂತ ಕಡಿಮೆ.

ಹಾಗಾಗಿ ನೂರಕ್ಕಿಂತ ಕಡಿಮೆ ಬಂದರೆ ಕಾರಣ ಹುಡುಕು, ನೂರಕ್ಕಿಂತ ಜಾಸ್ತಿ ಬಂದರೆ ಟವೆಲ್ ಹುಡುಕು.

ಮೂರೆಕರೆ:

ನಾನು ಕೆಮಿಸ್ಟ್ರಿ ಬಿಟ್ಟು ಬಹಳ ಕಾಲ ಆಯಿತು, ಈಗ ಜೋಳ, ಈರುಳ್ಳಿ. ಆದರೆ ಈ ಲೆಕ್ಕ ನಮಗೂ ಬೇಕು. ಯೂರಿಯಾ ಚೀಲದ ಮೇಲೆ 46 ಅಂತ ಬರೆದಿರುತ್ತದಲ್ಲ, ಅದು ಸಾರಜನಕದ ಪರ್ಸೆಂಟ್. ಒಂದು ಮೋಲ್ ಯೂರಿಯಾ 60 ಗ್ರಾಂ, ಅದರಲ್ಲಿ ಎರಡು ಸಾರಜನಕ, 28 ಗ್ರಾಂ. 28 ಭಾಗಿಸು 60, ನೂರಕ್ಕೆ 46.7. 45 ಕೆಜಿ ಚೀಲದಲ್ಲಿ ಸಾರಜನಕ ಸುಮಾರು 20.7 ಕೆಜಿ, ಮಿಕ್ಕಿದ್ದೆಲ್ಲ ಅದನ್ನು ಹೊತ್ತು ತರುವ ಸಾಮಾನು.

ಮಂಗಳೂರಿನ ಪಣಂಬೂರಿನಲ್ಲಿರುವ ರಸಗೊಬ್ಬರ ಕಾರ್ಖಾನೆಯಲ್ಲಿ ಅಮೋನಿಯಾ ಮಾಡಿ, ಅದರಿಂದ ಯೂರಿಯಾ ಮಾಡುತ್ತಾರೆ. 2 ಅಮೋನಿಯಾ + 1 ಕಾರ್ಬನ್ ಡೈಆಕ್ಸೈಡ್ → 1 ಯೂರಿಯಾ + 1 ನೀರು. ಗ್ರಾಂನಲ್ಲಿ 34 ಮತ್ತು 44 ಸೇರಿ 60 ಮತ್ತು 18. ಇದನ್ನು ಕೆಜಿ ಅಂತ ಓದಿದರೂ ನಡೆಯುತ್ತದೆ, ತಂಗಿಗೆ ಇದು ಉಪಯೋಗಕ್ಕೆ ಬರಬಹುದು, ಕೆಜಿಯಲ್ಲಿ ಕೊಟ್ಟರು ಅಂತ ಎಲ್ಲವನ್ನೂ ಸಾವಿರದಿಂದ ಗುಣಿಸಿ ಸೊನ್ನೆಗಳ ಜೊತೆ ಗುದ್ದಾಡುವುದು ಬೇಡ. 45 ಕೆಜಿಯ ಒಂದು ಚೀಲಕ್ಕೆ 25.5 ಕೆಜಿ ಅಮೋನಿಯಾ, 33 ಕೆಜಿ ಕಾರ್ಬನ್ ಡೈಆಕ್ಸೈಡ್ ಬೇಕು, 13.5 ಕೆಜಿ ನೀರು ಹೊರಗೆ. ಇದು ಲೆಕ್ಕದ ಮಾತು, ಲ್ಯಾಬ್ ಅಕ್ಕ ಹೇಳಿದ ಹಾಗೆ ಕಾರ್ಖಾನೆಯಲ್ಲಿ ಒಂದು ಸುತ್ತಿಗೇ ಪೂರ್ತಿ ಆಗುವುದಿಲ್ಲ, ಉಳಿದದ್ದನ್ನು ಮತ್ತೆ ಒಳಗೆ ಕಳಿಸುತ್ತಾರೆ.

ಸೀಮೆಸುಣ್ಣ:

ಎಲ್ಲರೂ ಚೆನ್ನಾಗಿ ಹೇಳಿದ್ದೀರಿ. ಮಗೂ, ಓದಿದರೆ ಸಾಲದು. ಒಂದು ಲೆಕ್ಕ ಕೊಡುತ್ತೇನೆ, ನಾಳೆ ಸಂಜೆಯೊಳಗೆ ಇಲ್ಲಿ ಹಾಕು. ಗೋಬರ್ ಗ್ಯಾಸ್‌ನಲ್ಲಿ ಉರಿಯುವುದು ಮೀಥೇನ್. 8 ಗ್ರಾಂ ಮೀಥೇನ್, 24 ಗ್ರಾಂ ಆಮ್ಲಜನಕ, ಮುಚ್ಚಿದ ಪಾತ್ರೆ. 1 ಮೀಥೇನ್ + 2 ಆಮ್ಲಜನಕ → 1 ಕಾರ್ಬನ್ ಡೈಆಕ್ಸೈಡ್ + 2 ನೀರು. ಏನೇನು ಎಷ್ಟೆಷ್ಟು ಸಿಗುತ್ತದೆ, ಏನು ಉಳಿಯುತ್ತದೆ? ಉತ್ತರ ನಾನು ಹೇಳುವುದಿಲ್ಲ. ಅರವತ್ತಕ್ಕೆ_ಎಂಬತ್ತು ಅವರೇ, ನೀವೂ ಹೇಳಬಾರದು.

ಅರವತ್ತಕ್ಕೆ_ಎಂಬತ್ತು:

ಬಾಯಿಗೆ ಬೀಗ ಹಾಕಿದ್ದೇನೆ ಸರ್.

ಪಿಯು_ಪರದಾಟ:

ಸರ್, ಮಾಡಿದೆ. ಆದರೆ ನೇರ ಉತ್ತರ ಹಾಕುವುದಿಲ್ಲ, ಆದದ್ದೆಲ್ಲ ಬರೆಯುತ್ತೇನೆ.

ಮೀಥೇನ್ 8 ಭಾಗಿಸು 16, 0.5 ಮೋಲ್. ಆಮ್ಲಜನಕ 24 ಭಾಗಿಸು 16, 1.5 ಮೋಲ್. 0.5 ಮೀಥೇನ್‌ಗೆ 1 ಮೋಲ್ ಆಮ್ಲಜನಕ ಸಾಕು, ಇರುವುದು 1.5. ಹಾಗಾಗಿ ಮೀಥೇನ್ ಲಿಮಿಟಿಂಗ್ ಅಂದುಕೊಂಡೆ. ಕಾರ್ಬನ್ ಡೈಆಕ್ಸೈಡ್ 0.5 ಮೋಲ್, 22 ಗ್ರಾಂ. ನೀರು 1 ಮೋಲ್, 18 ಗ್ರಾಂ. ಉಳಿದ ಆಮ್ಲಜನಕ 0.5 ಮೋಲ್, 8 ಗ್ರಾಂ. ಬಹಳ ಖುಷಿಯಾಯಿತು, ಎಲ್ಲ ರೌಂಡ್ ನಂಬರ್ ಬಂದಿದೆ ಅಂತ. ಇಲ್ಲಿ ಟೈಪ್ ಮಾಡಲು ಶುರು ಮಾಡಿದವಳು ಕೂಡಿಸಿ ನೋಡಿದೆ. 22, 18, 8, ಒಟ್ಟು 48. ಹಾಕಿದ್ದು 32!

ಅರ್ಧ ಗಂಟೆ ಹುಡುಕಿದೆ. ಗುಣಾಕಾರ ಎಲ್ಲ ಸರಿ ಇತ್ತು. ಸಮೀಕರಣ ನೀವೇ ಕೊಟ್ಟಿದ್ದು. ಅಮ್ಮ ಊಟಕ್ಕೆ ಕರೆದರೂ ಎದ್ದಿರಲಿಲ್ಲ. ಆಮೇಲೆ ಕ್ಲೋರಿನ್ ಲೆಕ್ಕ ತೆಗೆದು ನೋಡಿದಾಗ ಗೊತ್ತಾಯಿತು, ಅಲ್ಲಿ 35.5 ಹಾಕದೆ 71 ಹಾಕಿದ್ದೆ, ಯಾಕೆಂದರೆ ಕ್ಲೋರಿನ್ ಅನಿಲ ಜೋಡಿ ಜೋಡಿಯಾಗಿ ಇರುತ್ತದೆ. ಆಮ್ಲಜನಕವೂ ಜೋಡಿ! 16 ಅಲ್ಲ, 32.

ಮತ್ತೆ ಮಾಡಿದೆ. ಆಮ್ಲಜನಕ 24 ಭಾಗಿಸು 32, 0.75 ಮೋಲ್. ಮೀಥೇನ್ ಪೂರ್ತಿ ಉರಿಯಲು 1 ಮೋಲ್ ಬೇಕು, ಇಲ್ಲ. ಈಗ ಆಮ್ಲಜನಕ ಲಿಮಿಟಿಂಗ್, ಪೂರ್ತಿ ಉಲ್ಟಾ. ಕಾರ್ಬನ್ ಡೈಆಕ್ಸೈಡ್ 0.375 ಮೋಲ್, 16.5 ಗ್ರಾಂ. ನೀರು 0.75 ಮೋಲ್, 13.5 ಗ್ರಾಂ. ಮೀಥೇನ್ 0.125 ಮೋಲ್ ಉಳಿಯಿತು, 2 ಗ್ರಾಂ. ಕೂಡಿಸಿದೆ. 32.

ಸರ್, ಸರಿನಾ?

ಸೀಮೆಸುಣ್ಣ:

ನನ್ನನ್ನು ಯಾಕೆ ಕೇಳುತ್ತೀಯ, ಕೂಡಿಸಿ ನೋಡಿದ್ದೀಯಲ್ಲ. ಹೋಗು, ಊಟ ಮಾಡು. ನಾಳೆ ಮೊಲಾರಿಟಿ.